ಬೋರ್ಡಿನವರು ತಿಳಿದವರು

ಮೂರು ನಿಮಿಷದ ಮಾತಿಗೋಸ್ಕರ ಕಳೆದ ವಾರ ಇನ್ನೂರು ಮೈಲಿ ಡ್ರೈವ್ ಮಾಡಿದೆ. ಮಾತಾಡಬೇಕಾಗಿದ್ದದ್ದು ನಾನಲ್ಲ, ಗೆಳತಿ ವೀಣಾ. ನಾನು ಬರೀ ಡ್ರೈವರ್.

ಟೆಕ್ಸಸ್ಸಿನ ನಮ್ಮೂರು ಇರ್ವಿಂಗ್ ಬಿಟ್ಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ, ಅವಳ ತೊಡೆಯ ಮೇಲೆ ಫೈಲು. ವೀಣಾ ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡುತ್ತಲೇ ಇದ್ದಳು. ಜಾರ್ಜ್‌ಟೌನ್ ದಾಟುವ ಹೊತ್ತಿಗೆ ಅದು ನನಗೂ ಬಾಯಿಪಾಠವಾಗಿತ್ತು.

ವೀಣಾ ಧಾರವಾಡದವಳು, ಓದಿದ್ದು ಮೈಸೂರಿನಲ್ಲಿ. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ. ಮೂರು ವರ್ಷದ ಬಿ.ಎಸ್ಸಿ. ಟೆಕ್ಸಸ್ಸಿನಲ್ಲಿ ಈ ಕೆಲಸಕ್ಕೆ ಅಸಿಸ್ಟೆಂಟ್ ಆಗಬೇಕಾದರೂ ಲೈಸೆನ್ಸ್ ಬೇಕು. ಕಾನೂನು ಕೇಳುವುದು ಒಂದು ಬ್ಯಾಚುಲರ್ ಡಿಗ್ರಿ. ಎಷ್ಟು ವರ್ಷದ್ದು? ಅದರಲ್ಲಿ ಬರೆದಿಲ್ಲ. ಆದರೆ ಲೈಸೆನ್ಸ್ ಕೊಡುವ ಬೋರ್ಡು, ‘ಡಿಗ್ರಿ ಅಂದರೆ ನಾಲ್ಕು ವರ್ಷ’ ಅಂದುಬಿಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ವೀಣಾ ಒಂದು ಕ್ಲಿನಿಕ್ಕಿನಲ್ಲಿ ಫೈಲು ಜೋಡಿಸುತ್ತಿದ್ದಾಳೆ. ಪಕ್ಕದ ರೂಮಿನಲ್ಲಿ ಮಕ್ಕಳು ತೊದಲುವುದು ಅವಳಿಗೆ ಕೇಳಿಸುತ್ತದೆ. ಒಳಗೆ ಹೋಗುವಂತಿಲ್ಲ.

ಕೋರ್ಟಿಗೂ ಹೋದಳು. ಜಡ್ಜ್ ಎಲ್ಲ ಕೇಳಿ, ‘ನಾನಾಗಿದ್ದರೆ ಈ ಕಾನೂನನ್ನು ಹೀಗೆ ಓದುತ್ತಿರಲಿಲ್ಲ’ ಅಂದರಂತೆ. ವೀಣಾಗೆ ಜೀವ ಬಂತು. ‘ಆದರೆ ಬೋರ್ಡು ಓದಿದ್ದೂ ತೀರಾ ಅಸಂಬದ್ಧವಲ್ಲ. ಅವರು ಈ ವಿಷಯ ತಿಳಿದವರು. ಅವರು ಹೇಳಿದ ಅರ್ಥವನ್ನು ನಾನು ಗೌರವಿಸಬೇಕಾಗುತ್ತದೆ’ ಅಂದರಂತೆ. ಕೇಸು ಬೋರ್ಡಿನ ಮೇಲೆ. ಕಾನೂನಿಗೆ ಅರ್ಥ ಹೇಳುವವರೂ ಬೋರ್ಡಿನವರೇ. ಹಾಗಾದರೆ ಕೋರ್ಟು ಯಾಕೆ, ಅವರ ಮಾತು ತಲುಪಿಸಲು ಪೋಸ್ಟ್ ಆಫೀಸ್ ಸಾಲದೇ?

ಈ ಸಲ ಒಬ್ಬ ಶಾಸಕರು ಒಂದು ಬಿಲ್ ತಂದಿದ್ದರು. ಕಾನೂನಿನ ಅರ್ಥವನ್ನು ಜಡ್ಜ್ ತಾವೇ ಓದಿ ಹೇಳಬೇಕು, ಇಲಾಖೆಯ ಮಾತಿಗೆ ತಲೆದೂಗಬೇಕಿಲ್ಲ. ಅಷ್ಟೇ ಬಿಲ್ಲು. ಇದು ಪಾಸಾದರೆ ಹೊಸದಾಗಿ ಅರ್ಜಿ ಹಾಕಬಹುದು ಅಂತ ಹ್ಯೂಸ್ಟನ್ನಿನ ವಕೀಲರು ಹೇಳಿದ್ದರು. ಅಸಿಸ್ಟೆಂಟ್ ಕೆಲಸ ನಿನಗೇ ಇಟ್ಟು ಬೇಸಿಗೆಯ ತನಕ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಅಂತ ಕ್ಲಿನಿಕ್ಕಿನ ಮ್ಯಾನೇಜರ್ ಹೇಳಿದ್ದಳು.

ರಾಜಧಾನಿ ಆಸ್ಟಿನ್ನಿನಲ್ಲಿ, ಬಿಲ್ಲು ಪರಿಶೀಲಿಸುವ ಶಾಸಕರ ಕಮಿಟಿಯ ಮುಂದೆ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಬಾಗಿಲಲ್ಲಿ ಒಂದು ಕಾರ್ಡ್ ತುಂಬಬೇಕು: ಬಿಲ್ಲಿನ ಪರವೋ, ವಿರೋಧವೋ, ಮಾತಾಡುತ್ತೀರೋ ಇಲ್ಲವೋ. ವೀಣಾಳ ಪೆನ್ನು ಕೈಕೊಟ್ಟಿತು. ಪಕ್ಕದಲ್ಲಿದ್ದ ಹೆಂಗಸು ನಗುತ್ತಾ ತನ್ನದನ್ನು ಕೊಟ್ಟಳು. ಆಕೆ ಬೋರ್ಡಿನ ಅಧಿಕಾರಿ ಅಂತ ಒಳಗೆ ಹೋಗಿ ಕೂತ ಮೇಲೆ ಗೊತ್ತಾಯಿತು.

ಒಂಬತ್ತಕ್ಕೆ ಕೂತವರು ನಾಲ್ಕರ ತನಕ ಕೂತೇ ಇದ್ದೆವು. ಅವಲಕ್ಕಿ ಖಾಲಿಯಾಯಿತು, ನನ್ನ ಉತ್ಸಾಹವೂ. ಕೊನೆಗೆ ಹೆಸರು ಕರೆದರು. ವೀಣಾ ಚೆನ್ನಾಗಿ ಮಾತಾಡಿದಳು, ಒಂದು ಅಕ್ಷರವೂ ತಡವರಿಸಲಿಲ್ಲ. ಆಮೇಲೆ ಒಬ್ಬ ಸದಸ್ಯರು ಕನ್ನಡಕ ಏರಿಸಿಕೊಂಡು ಕೇಳಿದರು, ‘ಹಾಗಾದರೆ ಬೋರ್ಡಿನವರು ಮಾಡಿದ್ದು ತಪ್ಪು ಅಂತೀರಾ ಮೇಡಂ?’

ಹೂಂ ಅನ್ನು. ಹೂಂ ಅನ್ನು ಮಾರಾಯ್ತಿ! (ಮನಸ್ಸಿನಲ್ಲೇ ಕೂಗಿದೆ.)

ವೀಣಾ ಮುಂದಿನ ಸಾಲಿನಲ್ಲಿದ್ದ, ಪೆನ್ನು ಕೊಟ್ಟ ಆ ಹೆಂಗಸನ್ನು ನೋಡಿದಳು. ನಕ್ಕಳು. ‘ನೋ ಸರ್. ಅವರು ತಿಳಿದವರು, ನಮಗಿಂತ ಹೆಚ್ಚು ಬಲ್ಲವರು’ ಅಂತ ಇಂಗ್ಲಿಷಿನಲ್ಲಿ ಅಂದಳು.

‘ಥ್ಯಾಂಕ್ ಯೂ. ನಾನು ಕೇಳುವುದು ಇಷ್ಟೇ’ ಅಂದರು ಸದಸ್ಯರು.

ಬಿಲ್ ‘ಪೆಂಡಿಂಗ್’ ಅಂತ ಘೋಷಿಸಿ ಮುಂದಿನದಕ್ಕೆ ಹೋದರು. ಈ ವಾರ ವಕೀಲರು ಫೋನ್ ಮಾಡಿದ್ದರು. ಅದನ್ನು ಈ ಸಲ ಮತ್ತೆ ಎತ್ತುವುದಿಲ್ಲವಂತೆ. ಟೆಕ್ಸಸ್ಸಿನ ಶಾಸಕರು ಸೇರುವುದು ಎರಡು ವರ್ಷಕ್ಕೊಮ್ಮೆ. ಕ್ಲಿನಿಕ್ಕಿನ ಮ್ಯಾನೇಜರ್ ಅಷ್ಟು ಕಾಯುತ್ತಾಳೆಯೇ?

ಆ ದಿನ ವಾಪಸ್ಸು ಬರುವಾಗ ಕಾರಿನಲ್ಲಿ ನಾನು ಸಿಡಿದೆ. ‘ಅಷ್ಟು ದೂರ ಹೋಗಿ ಅವರ ಪರವಾಗಿ ಸಾಕ್ಷಿ ಹೇಳಿ ಬಂದೆಯಲ್ಲೇ!’

ಅವಳು ಕಿಟಕಿಯಾಚೆ ನೋಡುತ್ತಾ ಅಂದಳು, ‘ಎದುರಿಗೇ ಕುಂತಿದ್ರಲ್ರೀ. ಮುಂಜಾನೆ ಪೆನ್ನು ಬ್ಯಾರೆ ಕೊಟ್ಟಾರ. ಮಾರಿ ನೋಡ್ಕೋತ ನಿಮ್ದು ತಪ್ಪದ ಅಂತ ಹ್ಯಾಂಗ ಅನ್ಲಿ?’

ಬೈಯಲು ಇನ್ನೂ ಬೇಕಾದಷ್ಟಿತ್ತು. ಅಷ್ಟರಲ್ಲಿ ನನ್ನ ಕಾರ್ಡು ನೆನಪಾಯಿತು. ‘ಪರ’ ಅಂತ ಗುರುತು ಹಾಕಿ, ಅದರ ಕೆಳಗೇ ‘ಮಾತಾಡುವುದಿಲ್ಲ’ ಅಂತಲೂ ಹಾಕಿದ್ದೆ. ವಾರವಾರ ಈ ಅಂಕಣದಲ್ಲಿ ಇಷ್ಟುದ್ದ ಬರೆಯುವವಳು ನಾನು! ನಾಚಿಕೆಯಾಯಿತು.

ಆಮೇಲೆ ಆ ಜಡ್ಜ್ ನೆನಪಾದರು. ಕರಿ ನಿಲುವಂಗಿ ತೊಟ್ಟು ಎತ್ತರದ ಕುರ್ಚಿಯಲ್ಲಿ ಕೂತವರ ಬಾಯಿಂದಲೇ ಹೊರಡದ ಮಾತು, ಅವಲಕ್ಕಿ ಡಬ್ಬಿ ಹಿಡಿದು ಬಂದ ವೀಣಾಳ ಬಾಯಿಂದ ಹೊರಡಬೇಕಿತ್ತೇ?