ಮಾತಾಡುತ್ತ ನಡೆಯಬೇಕಿದ್ದ ದಾರಿ

ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು. ನಮ್ಮಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆ ಬಗ್ಗಿಸಿ ಒಳಗೆ ಹೋಗಬೇಕು. ವೀಳ್ಯದ ಬಳ್ಳಿ ಮೈಲಿಗೆ ತಾಳುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಬಾದಾಮಿಯಿಂದ ಬನಶಂಕರಿಗೆ ಹೋಗುವ ರಸ್ತೆಯ ಬದಿಗೆ, ಹಳ್ಳದ ನೀರು ಹಾಯುವಲ್ಲಿ ನಮ್ಮ ತೋಟವಿತ್ತು. ಕಡು ಬೇಸಿಗೆಯಲ್ಲೂ ಅದರೊಳಗಿನ ನೆಲ ಹಸಿಯಾಗಿರುತ್ತಿತ್ತು. ಅದೇ ತೋಟದ ಅಂಚಿಗೆ, ಗಿಡಗಳ ಮರೆಯಲ್ಲಿ, ಕೆಲಸದವರೂ ನಾವೂ ಬಯಲಿಗೆ ಕೂರುತ್ತಿದ್ದೆವು. ಅದರಿಂದ ಬಳ್ಳಿಗೆ ಮೈಲಿಗೆಯಾಗುತ್ತದೆ ಎಂದು ಯಾರೂ ಅನ್ನಲಿಲ್ಲ.

ನನ್ನ ಹೆಂಡತಿ ಇಳಕಲ್ಲಿನವಳು, ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತ ಬೆಳೆದವಳು. ಎಪ್ಪತ್ತರ ದಶಕದ ಮೊದಲಿಗೆ ಮದುವೆಯಾಗಿ ಬಂದು, ಬರಿಗಾಲಲ್ಲಿ ಕೆಸರು ತುಳಿಯುತ್ತ ಎಲೆ ಕೊಯ್ಯುವುದನ್ನು ಕಲಿತಳು. ಬಂದ ಹೊಸದರಲ್ಲಿ ಅವಳ ಮಾತಿಗೆ ತಡೆಯೇ ಇರಲಿಲ್ಲ. ಮಗ್ಗದ ಸಪ್ಪಳದ ನಡುವೆ ಬೆಳೆದದ್ದರಿಂದ ದನಿಯೂ ದೊಡ್ಡದು. ನಾನು ಮೆಟ್ರಿಕ್‌ವರೆಗೆ ಓದಿದವನು. ಚಹಾದಂಗಡಿಯಲ್ಲಿ ಪೇಪರು ಹಿಡಿದು ಗಂಡಸರೊಡನೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ, ಅವಳ ಮಾತಿಗೆ ಮಾತ್ರ ‘ಹೂಂ’ ಅನ್ನುತ್ತಿದ್ದೆ.

ಮೊದಲು ಅವಳ ಕಾಲ್ಬೆರಳ ಸಂದುಗಳಲ್ಲಿ ತುರಿಕೆ ಎದ್ದಿತು. ಕೆಲವು ವರ್ಷಗಳಲ್ಲಿ ಮೈ ಬಿಳಿಚಿಕೊಂಡಿತು. ಯಾರಿಗೂ ಕಾಣದಂತೆ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಅವ್ವ, “ಮಗ್ಗದ ಮನಿ ಹೆಣ್ಣ ಅದು, ಕುಂತು ಉಂಡ ರೂಢಿ” ಅನ್ನುತ್ತಿದ್ದಳು. ನಾನೂ ಮೈಗಳ್ಳಿ ಎಂದೇ ತಿಳಿದೆ. ಅವಳ ಕಾಲು, ಮುಖ ಊದಿಕೊಂಡು, ಮಲಗಿದರೆ ಉಸಿರು ಸಿಗದಂತಾದಾಗ ಬಾಗಲಕೋಟೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು, “ಕಾಲಾಗ ಚಪ್ಲಿ ಹಾಕ್ತಾರೇನ್ರಿ ಇವರು?” ಹಸಿ ಮಣ್ಣಿನಲ್ಲಿ ಇರುವ ಹುಳದ ಮರಿಗಳು ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತವೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ ಎಂದರು. ನೀರಿನಂತಾದ ರಕ್ತವನ್ನೇ ವರ್ಷಗಟ್ಟಲೆ ದಬ್ಬಿ ದಬ್ಬಿ ಅವಳ ಹೃದಯ ಹಿಗ್ಗಿಹೋಗಿತ್ತು. ಹುಳದ ಗುಳಿಗೆ ಕೊಟ್ಟರು, ರಕ್ತ ಏರಿಸಿದರು, ಕಬ್ಬಿಣದ ಗುಳಿಗೆ ಬರೆದರು. ಮನೆಗೆ ಕಳಿಸುವಾಗ ನನ್ನನ್ನು ಎದುರಿಗೆ ಕೂರಿಸಿಕೊಂಡರು.

“ಇನ್ನ ಮಲಗಿಸಿ ಇಟ್ಟ್ರ ಕಾಲು ಸೊರಗತಾವ, ಎದಿನೂ ಸೊರಗತೈತಿ. ದಿನಾ ಸಂಜಿಗೆ ನಡಸ್ರಿ. ಮೊದಲ ಸ್ವಲ್ಪ, ಆಮ್ಯಾಲ ಸ್ವಲ್ಪ ಹೆಚ್ಚು. ಹೊರಿ ಹೊರಸಬ್ಯಾಡ್ರಿ.”

“ಎಷ್ಟು ಜೋರು ನಡೀಬೇಕ್ರಿ?”

“ಮಾತಾಡ್ಕೋತ ನಡೀಬೇಕು. ನೀವು ಮಗ್ಗಲಿಗೇ ಇರ್ರಿ. ಉಸಿರು ಸಾಲದ ಆಕೀ ಮಾತು ನಡುವ ತುಂಡಾತು ಅಂದ್ರ ಅಲ್ಲೇ ನಿಲ್ಲಸ್ರಿ. ಎದಿ ಅಳಿಯಾಕ ಅದಕ್ಕಿಂತ ದೊಡ್ಡ ಮಷೀನು ನಿಮ್ಮ ಊರಾಗ ಇಲ್ಲ.” ಅವಳ ಕಡೆ ತಿರುಗಿ, “ಮಾತಾಡಾಕ ಬರತೈತೇನವಾ?” ಎಂದರು.

ಅವಳು ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. “ಮಾತಿಗೇನು ಬರ ಇಲ್ರಿ. ಕೇಳಾವ್ರು ಬೇಕಲ್ಲ.”

ಅವಳಿಗೆ ರಬ್ಬರ್ ಚಪ್ಪಲಿ ಕೊಡಿಸಿದೆ. ಚಪ್ಪಲಿ ಹಾಕಿ ತೋಟಕ್ಕೆ ಬರಕೂಡದೆಂದು ಅವ್ವ ಹಟ ಹಿಡಿದದ್ದರಿಂದ ತೋಟದ ಕೆಲಸ ತಪ್ಪಿತು. ಸಂಜೆ ಇಬ್ಬರೂ ಬನಶಂಕರಿ ರಸ್ತೆಗೆ ಇಳಿದೆವು.

ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ. ದೇವರಿಗೆ ಹೋದರೂ ಸಂತೆಗೆ ಹೋದರೂ ಹಾಗೆಯೇ. ಕೈಯಲ್ಲಿ ಬುಟ್ಟಿಯಿಲ್ಲ, ತಲೆಯ ಮೇಲೆ ಗಂಟಿಲ್ಲ. ಗಂಡ ಹೆಂಡತಿ ಹೆಗಲಿಗೆ ಹೆಗಲು ಕೊಟ್ಟು ಸುಮ್ಮನೆ ರಸ್ತೆಯಲ್ಲಿ ಹೋಗಿ ಬರುವುದನ್ನು ಊರು ನೋಡಿರಲಿಲ್ಲ. ಮೊದಲ ದಿನವೇ ಚಹಾದಂಗಡಿಯ ಕಟ್ಟೆಯಿಂದ ನನ್ನ ಗೆಳೆಯನೊಬ್ಬ ಕೂಗಿದ.

“ಏನಲೇ, ಹವಾ ತಿನ್ನಾಕ ಹೊಂಟೀರಿ? ಕೈಯರ ಹಿಡ್ಕೋ!”

“ಸಿನಿಮಾದಾಗಿನ ಹೀರೋ ಲೇ ಅಂವ, ಇನ್ನೇನ್ ಹಾಡು ಚಾಲೂ ಆಕ್ಕೈತಿ” ಎಂದ ಇನ್ನೊಬ್ಬ.

ಅವಳಿಗೆ ನಗು ಬಂದಿತ್ತು. ನನಗೆ ಕಿವಿ ಬಿಸಿಯಾಯಿತು. ಅಂಗಡಿ ದಾಟುವವರೆಗೆ ಎಂದು ಎರಡು ಮಾರು ಮುಂದೆ ಹೋದೆ. ಮರುದಿನ ಮನೆಯಿಂದಲೇ ಮುಂದೆ ಹೋದೆ. ಅವಳು ಹಿಂದಿನಿಂದ ಮಾತಾಡುತ್ತ ಬರುತ್ತಿದ್ದಳು, ನಾನು ತಿರುಗದೆ ‘ಹೂಂ’ ಅನ್ನುತ್ತಿದ್ದೆ. ದಿನದಿಂದ ದಿನಕ್ಕೆ ನಡುವಿನ ಅಂತರ ಬೆಳೆದು ಅವಳ ಮಾತು ನನಗೆ ಬರೀ ದನಿಯಾಗಿ ಕೇಳತೊಡಗಿತು. ಆದರೂ ಅವಳು ಚೇತರಿಸಿಕೊಳ್ಳುತ್ತಿದ್ದಳು. ನಾಲಿಗೆಗೆ ಕೆಂಪು ಬಂದಿತ್ತು. ಮಣ್ಣು ತಿನ್ನುವುದು ಬಿಟ್ಟಿದ್ದಳು.

ಒಂದು ಸಂಜೆ ಎಲೆ ವ್ಯಾಪಾರಿಯೊಬ್ಬ ಸೈಕಲ್ ತಳ್ಳಿಕೊಂಡು ನನ್ನ ಜೊತೆ ಬಂದ. ಕೆರೂರ ಸಂತೆಯ ಮಾತು ಹತ್ತಿತು. ಹೆಜ್ಜೆಗಳು ತಾವಾಗಿ ಜೋರಾದವು. ದಿನವೂ ನಾವು ಮನೆಯ ಕಡೆ ತಿರುಗುತ್ತಿದ್ದ ಮೈಲುಗಲ್ಲಿನ ಹತ್ತಿರ ಅವನು ಸೈಕಲ್ ಹತ್ತಿ ಹೋದ ಮೇಲೆ ಹಿಂದೆ ನೋಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಬೇಸತ್ತು ಮನೆಗೆ ಹೋಗಿರಬೇಕೆಂದು ಸಾವಕಾಶವಾಗಿ ತಿರುಗಿದೆ. ಅವಳು ಬೇವಿನ ಮರದ ಬುಡದಲ್ಲಿ ಬಿದ್ದಿದ್ದಳು. ಚಪ್ಪಲಿಯೊಂದು ರಸ್ತೆಯಲ್ಲೇ ಉಳಿದಿತ್ತು. ತುಟಿ ನೀಲಿಯಾಗಿತ್ತು, ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದೊಂದೇ ತುಣುಕಾಗಿ ಮಾತು ಬಂತು. “ನಿಂದರ್ರಿ... ಅಂದ್ನಿ. ನೀವು... ಭಾಳ ದೂರ ಇದ್ರಿ.” ನನ್ನ ಹೆಜ್ಜೆಗೆ ಸರಿಯಾಗಿ ಬರಲು ಅವಳು ಓಡಿದ್ದಳು.

ಮರುದಿನ ಬಾಗಲಕೋಟೆಯಲ್ಲಿ ಡಾಕ್ಟರು ಅವಳ ಎದೆಗೆ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು.

“ಮಗ್ಗಲಿಗೇ ಇದ್ರೇನು? ಮಾತಾಡ್ಕೋತ ಹೊಂಟಿದ್ರೋ?”

“ಹೌದ್ರಿ” ಎಂದೆ. “ಮಾತಾಡ್ಕೋತನ ಹೊಂಟಿದ್ವಿ.”

ಅವಳು ನನ್ನ ಮುಖ ನೋಡಿದಳು. ಪರರ ಮುಂದೆ ಗಂಡನ ಮಾತು ತೆಗೆದುಹಾಕುವ ಹೆಂಗಸಲ್ಲ ಅವಳು. ಡಾಕ್ಟರು ಸಪ್ಪಗಾದರು. “ಮಾತಾಡ್ಕೋತ ಹೋದ್ರೂ ಹಿಂಗಾತಂದ್ರ ಎದಿ ನಾ ಅನ್ಕೊಂಡಷ್ಟು ಗಟ್ಟಿ ಆಗಿಲ್ಲ. ನಡಿಗಿ ಬಂದ್ ಮಾಡ್ರಿ. ನಾ ಹೇಳೂತನ ಮಲಗಲಿ.”

ನನ್ನ ಒಂದು ಸುಳ್ಳಿನ ಮೇಲೆ ಅವಳು ಮಲಗಿದಳು. ಒಳಮನೆಯ ಹೊರಸಿನ ಮೇಲೆ ಒಂದು ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಮತ್ತೆ ತೋರಿಸಲು ಹೋದಾಗಲೂ ಡಾಕ್ಟರು ಅದೇ ಮಾತು ಹೇಳಿದರು. ನಾನು ಬಾಯಿ ಬಿಡಲಿಲ್ಲ. ಸೊರಗುತ್ತವೆ ಎಂದಿದ್ದ ಕಾಲುಗಳು ನನ್ನ ಕಣ್ಣೆದುರಿಗೇ ಸೊರಗಿದವು. ಬಚ್ಚಲಿಗೆ ಹೋಗಲೂ ಅವ್ವನ ಹೆಗಲು ಬೇಕಾಯಿತು. ಎಲೆಯ ಪೆಂಡಿ ಹೊತ್ತು ಕೆರೂರಿಗೆ ಹೋದಾಗೆಲ್ಲ ಬಾಗಲಕೋಟೆಯ ಬಸ್ಸು ಎದುರಿಗೇ ನಿಂತಿರುತ್ತಿತ್ತು. ಹತ್ತಿ ಹೋಗಿ, “ನಾ ಮುಂದ ಇದ್ನ್ರಿ, ಆಕಿ ಓಡಿ ಬಿದ್ಲು” ಅಂದಿದ್ದರೆ ಆಗುತ್ತಿತ್ತು. ಕಂಡಕ್ಟರ್ ಕೂಗುತ್ತಿದ್ದ. ನಾನು ಚಹಾ ಕುಡಿದು ಬಾದಾಮಿಯ ಬಸ್ಸು ಹತ್ತುತ್ತಿದ್ದೆ.

ಒಂದು ದಿನ ಅವ್ವ ಗಾಬರಿಯಾಗಿ ತೋಟಕ್ಕೆ ಬಂದಳು. “ಹಿತ್ತಲದಾಗ ಒಬ್ಬಾಕೀನ ಮಾತಾಡಾಕತ್ತಾಳೋ, ಗಾಳಿ ಹೊಕ್ಕೈತೋ ಏನೋ ನೋಡು ಬಾ.”

ಹಿತ್ತಲ ಬಾಗಿಲ ಹಿಂದೆ ನಿಂತು ನೋಡಿದೆ. ಚಪ್ಪಲಿ ಹಾಕಿಕೊಂಡು, ಒಂದು ಕೈಯಿಂದ ಗೋಡೆ ಹಿಡಿದು, ದನದ ಕೊಟ್ಟಿಗೆಯಿಂದ ಬಚ್ಚಲವರೆಗೆ ನಡೆಯುತ್ತಿದ್ದಳು.

“ನೋಡ್ರಿ, ಎಮ್ಮಿ ಇವತ್ತ ಹಿಂಡಾಕ ಕೊಡವಲ್ದು. ಅತ್ತಿಯವರಿಗೆ ಒದ್ದೈತಿ. ನಗಬ್ಯಾಡ್ರಿ. ಇಳಕಲ್ಲಾಗ ನಮ್ಮ ಮನಿ ಮುಂದ ಒಂದು ಎಮ್ಮಿ ಇತ್ತು, ಅದು...” ಉಸಿರು ಸಾಲದೆ ಮಾತು ತುಂಡಾಯಿತು. ನಿಂತಳು. ಗೋಡೆಗೆ ಒರಗಿ ಉಸಿರು ತಿರುಗಿಸಿಕೊಂಡಳು. “ಕೇಳಾಕತ್ತೀರಿ? ಹೂಂ ಅಂತೀರಿ, ಮತ್ತೇನ್ ಅಂತೀರಿ” ಎಂದು ತಾನೇ ಹೇಳಿ ಮತ್ತೆ ಹೊರಟಳು.

ಡಾಕ್ಟರು ಮೊದಲು ಹೇಳಿದ್ದನ್ನು ಅವಳು ಒಂದಕ್ಷರ ಬಿಡದೆ ಮಾಡುತ್ತಿದ್ದಳು. ಅವಳ ಮಾತಿನೊಳಗೆ ಮಗ್ಗುಲಲ್ಲಿ ನಾನಿದ್ದೆ, ಆದರೆ ಬಾಗಿಲ ಹಿಂದೆ ನಿಂತಿದ್ದ ನಾನು ಬೇಕಾಗಿರಲಿಲ್ಲ. ಆ ದಿನ ಸದ್ದಿಲ್ಲದೆ ತೋಟಕ್ಕೆ ಮರಳಿದೆ. ಆಮೇಲೆಯೂ ಎಷ್ಟೋ ಸಲ ಬಾಗಿಲ ಹಿಂದೆ ನಿಂತು ಕೇಳಿದೆ. ವಾರಗಳು ಕಳೆದಂತೆ ಮಾತು ತುಂಡಾಗುವುದು ಕಡಿಮೆಯಾಯಿತು. ಗೋಡೆ ಹಿಡಿಯುವುದನ್ನೂ ಬಿಟ್ಟಳು. ಇಷ್ಟು ಕಥೆಗಳು ಅವಳ ಹತ್ತಿರ ಇವೆಯೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೊಂದು ಸಂಜೆ ಬಾಗಿಲು ದಾಟಿ ಹೋಗಿ ಅವಳ ಮಗ್ಗುಲಲ್ಲಿ ನಡೆದೆ. ಅವಳ ಮಾತು ನಿಂತಿತು. ಕೊಟ್ಟಿಗೆಯವರೆಗೆ ಹೋಗಿ ಬಂದೆವು. 

“ಮಾತಾಡ” ಎಂದೆ. “ಡಾಕ್ಟರು ಹೇಳ್ಯಾರಲ್ಲ.”

“ನೀವ ಮಾತಾಡ್ರಿ.”

ಎಲೆಯ ಮಾತು ತೆಗೆದೆ, ಹಳ್ಳದ ನೀರಿನ ಮಾತು ತೆಗೆದೆ. ಆಮೇಲೆ, “ಅವತ್ತು ದವಾಖಾನ್ಯಾಗ ನಾ...” ಎಂದು ಶುರು ಮಾಡಿದೆ.

“ಈ ಕಡೆ ಸರೀರಿ, ಅಲ್ಲಿ ಹಾವಸಿ ಐತಿ, ಜಾರೀರಿ” ಎಂದಳು.

ಸರಿದೆ. ಮತ್ತೆ ಆ ಮಾತು ಹಿಡಿಯಲು ನನ್ನಿಂದಾಗಲಿಲ್ಲ, ಆ ಸಂಜೆಯೂ, ಆಮೇಲೆ ಅವಳು ಬದುಕಿದ್ದ ವರ್ಷಗಳಲ್ಲೂ. ನಾನು ಬೇರೆ ಏನೇನೋ ಹೇಳುತ್ತ ಅವಳ ಹೆಜ್ಜೆಗೆ ಹೆಜ್ಜೆ ಹಾಕಿದೆ. ಅವಳು ‘ಹೂಂ’ ಅನ್ನುತ್ತ ನಡೆದಳು. ಉಸಿರು ಸಾಲದೆ ಹಾಗನ್ನುತ್ತಿದ್ದಳೋ, ನನ್ನೊಡನೆ ಆಡುವ ಮಾತೇ ಇಲ್ಲವೆಂದು ಅನ್ನುತ್ತಿದ್ದಳೋ, ಮಗ್ಗುಲಲ್ಲೇ ಇದ್ದರೂ ನನಗೆ ತಿಳಿಯಲಿಲ್ಲ.