ಎಣ್ಣೆ ಕುಡಿದ ಗಿಟಾರು

ಹುಳಿಯಾರಿನ ಬಡಗಿ ಹನುಮಂತರಾಜು ಮದುವೆಯೊಂದರ ಆರ್ಕೆಸ್ಟ್ರಾದಲ್ಲಿ ಗಿಟಾರು ನೋಡಿ ಬಂದವನೇ, ತಾನೂ ಒಂದು ಮಾಡುತ್ತೇನೆಂದು ಹಠ ಹಿಡಿದ. ಬಾಗಿಲು ಕಿಟಕಿಯ ಕೆಲಸ ಮುಗಿಸಿ ಸಂಜೆ ಹೊತ್ತು ಹಲಸಿನ ಮರ ಕೆತ್ತುತ್ತ ಕೂತವನನ್ನು ನೋಡಿ ಊರಿಗೆ ಊರೇ ನಕ್ಕಿತು. ಒಡಹುಟ್ಟಿದ ಅಣ್ಣ ಹುಚ್ಚರಂಗಯ್ಯನೇ, "ಕೆಲ್ಸ ಇಲ್ದಿರೋ ಬಡಗಿ ಮಗನ ಕುಂಡಿ ಕೆತ್ತಿದ್ನಂತೆ" ಎಂದು ಗಾದೆ ಬಿಟ್ಟ. ಎಲುಬಿಲ್ಲದ ನಾಲಗೆ, ಏನು ಬೇಕಾದರೂ ಆಡುತ್ತದೆ.

ಗಿಟಾರೇನೋ ಆಯಿತು, ನುಡಿಸಲು ಬರಬೇಕಲ್ಲ! ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಗೋಡೆಯಿಂದ ಇಳಿಸಿ ತಂತಿ ಮೀಟುತ್ತಿದ್ದ. ಮನೆ ತುಂಬ ಗುಂಯ್ ಎನ್ನುತ್ತಿತ್ತು. ಮೂರು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಅದೂ ನಿಂತಿತು.

ಈಗ ಹೆಂಡತಿ ರಾಮಕ್ಕ ಅದನ್ನು ಮಾರಲು ಹೊರಟಿದ್ದಳು. ದುಡ್ಡಿನ ಆಸೆಗಲ್ಲ. ಬಲ್ಲವರೊಬ್ಬರು ಬೆಲೆ ಕೊಟ್ಟು ಒಯ್ದರೆ ಗಂಡನ ಕೆಲಸವೂ ಒಂದು ಕೆಲಸವೇ ಎಂದು ಊರು ಒಪ್ಪಲೇಬೇಕು. ಆ ಒಂದು ಮಾತು ಕೇಳಿ ಕಣ್ಣು ಮುಚ್ಚಬೇಕೆಂದಿದ್ದಳು.

ಸಂಗೀತ ಕಲಿಸುವ ಕೃತಿಕಾ ಅದನ್ನು ನೋಡಿ ಕೊಳ್ಳಲು ತಿಪಟೂರಿನಿಂದ ಬಂದಳು. ವಿಷಯ ತಿಳಿದ ಹುಚ್ಚರಂಗಯ್ಯನೂ ಬಂದು ಹೊರಗೆ ಜಗಲಿಯ ಮೇಲೆ ಕೂತ. ಕೃತಿಕಾ ತುಕ್ಕು ಹಿಡಿದ ತಂತಿ ಬಿಚ್ಚಿ, ತಾನು ತಂದ ಹೊಸ ತಂತಿ ಕಟ್ಟಿ ಮೀಟಿದಳು. ಒದ್ದೆ ಹಲಗೆ ತಟ್ಟಿದ ಹಾಗೆ ದಬದಬ ಎಂದಿತು, ಅಷ್ಟೇ. ಅವಳು ಮುಂಭಾಗದ ಹಲಗೆಗೆ ಬೆರಳು ಒತ್ತಿ ಮೂಸಿ ನೋಡಿದಳು.

"ಇದಕ್ಕೆ ಏನಾದ್ರೂ ಹಚ್ತಿದ್ರಾ ಅಮ್ಮ?"

"ಕೊಬ್ರಿ ಎಣ್ಣೆ ಕಣವ್ವ, ಗಾಣದ್ದು. ಅವರು ಹೋದ್ಮೇಲೆ ಶನಿವಾರ ಶನಿವಾರ ಅವರ ಉಳಿ, ಬಾಚಿಗೆ ಹಚ್ಚೋವಾಗ ಇದಕ್ಕೂ ತಿಕ್ತಿದ್ದೆ."

ತೆಂಗಿನ ಸೀಮೆಯಲ್ಲಿ ಹುಟ್ಟಿದವಳಿಗೆ ಇನ್ನೇನು ತೋಚೀತು? ಕೂಸಿನ ನೆತ್ತಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಪಾಲಿಶ್ ಕಾಣದ ಬರೀ ಮರ, ಹಾಳಾಗದಿರಲಿ ಎಂದು ಮಾಡಿದ್ದು.

ಕೃತಿಕಾ ದನಿ ತಗ್ಗಿಸಿದಳು. "ಮರ ಎಣ್ಣೆ ಕುಡಿದುಬಿಟ್ಟಿದೆ ಅಮ್ಮ. ಇನ್ನು ನಾದ ಬರಲ್ಲ. ಆದ್ರೆ ಕೆಲ್ಸದಲ್ಲಿ ಒಂದು ಕುಂದಿಲ್ಲ. ಮಾಡಿದವರ ಕೈಚಳಕ ದೊಡ್ಡದು." ಒಯ್ಯಲಾರೆನೆಂದು ಕೈಮುಗಿದು ಹೊರಟಳು.

ರಾಮಕ್ಕ ಎಣ್ಣೆ ಕುಡಿದ ಹಲಗೆಯನ್ನು ಮುಟ್ಟಿ ನೋಡಿದಳು. ಗಂಡನ ನೆನಪಿಗೆಂದು ಮಾಡಿದ ಆರೈಕೆಯೇ ಗಂಡನ ಕೆಲಸವನ್ನು ಕೊಂದಿತ್ತು. ಬಾಯಿ ಬಿಡದೆ ಇದ್ದುಬಿಟ್ಟರೆ ಅದು ಯಾರಿಗೂ ತಿಳಿಯುವಂತಿರಲಿಲ್ಲ.

ಕೃತಿಕಾ ಬರಿಗೈಯಲ್ಲಿ ಹೋದದ್ದನ್ನು ನೋಡಿ ಹುಚ್ಚರಂಗಯ್ಯ ತಲೆಯಾಡಿಸಿದ. "ತಗೊಳ್ಲಿಲ್ವಾ? ನಾನ್ ಅವತ್ತೇ ಹೇಳಿದ್ದೆ. ನನ್ ತಮ್ಮನ್ಗೆ ಬಾಗ್ಲು ಕಿಟ್ಕಿ ಬಿಟ್ರೆ ಇನ್ನೇನೂ ಬತ್ತಿರ್ಲಿಲ್ಲ ಬುಡು."

ಮದುವೆಯಾಗಿ ಬಂದಾಗಿನಿಂದ ಭಾವನೆದುರು ತಲೆ ಎತ್ತಿ ಮಾತಾಡದ ರಾಮಕ್ಕ, ಹೊಸಿಲು ದಾಟಿ ಬಂದು ಅವನ ಮುಂದೆ ನಿಂತಳು.

"ಅವರು ಸರಿಯಾಗೇ ಮಾಡಿದ್ರು ಭಾವ. ಕೆಡಿಸಿದೋಳು ನಾನು. ಊರಲ್ಲೂ ಹಂಗೇ ಹೇಳಿ."