ಒಂದು ಮೊಳ ಪೈಪು

ನಮ್ಮ ಆಸ್ಪತ್ರೆಯಲ್ಲಿ ಮುರಿದದ್ದೆಲ್ಲ ಹಿಂದಿನ ವೆಲ್ಡಿಂಗ್ ಶೆಡ್ಡಿನ ಬೆಸುಗೆಯಣ್ಣನ ಕೈಗೆ ಹೋಗುತ್ತಿತ್ತು: ಮಂಚದ ಕಾಲು, ತಳ್ಳುಗಾಡಿಯ ಚಕ್ರ, ಒಮ್ಮೆ ದೊಡ್ಡ ಡಾಕ್ಟರ ಕನ್ನಡಕ ಕೂಡ. ಆಗುವುದಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದ್ದೂ ಹಾಗೆಯೇ.

ಡ್ರಿಪ್ ಸ್ಟ್ಯಾಂಡುಗಳ ಕತೆ ಶುರುವಾದದ್ದು ವಾರ್ಡಿನ ನರ್ಸ್ ಆದ ನನ್ನಿಂದ. ರೋಗಿಯನ್ನು ಕರೆದೊಯ್ಯುವಾಗ ಸ್ಟ್ಯಾಂಡಿನ ಕೊಕ್ಕೆ ಪ್ರತಿ ಬಾಗಿಲಿಗೂ ಢಣ್ ಎಂದು ಬಡಿಯುತ್ತಿತ್ತು.

"ಅಣ್ಣಾ, ಇದರ ತಲೆ ಒಂಚೂರು ಕತ್ತರಿಸ್ಬಾರ್ದಾ? ನನ್ನ ಪ್ರಾಣ ತಿಂತಿದೆ," ಎಂದು ರೇಗಿದ್ದೆ.

ಅವರು ಒಂಚೂರಲ್ಲ, ಇದ್ದ ಹನ್ನೊಂದು ಸ್ಟ್ಯಾಂಡುಗಳಲ್ಲಿ ಒಂದೊಂದರಿಂದಲೂ ಒಂದು ಮೊಳ ಕತ್ತರಿಸಿ ಕೊಕ್ಕೆ ಬೆಸೆದರು. ಉಳಿದ ತುಂಡುಗಳಲ್ಲಿ ಹುಟ್ಟಲಿರುವ ಮೊಮ್ಮಗುವಿಗೆ ತೊಟ್ಟಿಲು ಮಾಡಿದರು. ಅದನ್ನು ನನಗೆ ತೋರಿಸುವಾಗ ಅವರ ಮುಖ ನೋಡಬೇಕಿತ್ತು! ಡ್ರಿಪ್ ನಿಧಾನವಾದದ್ದು ನಮಗೂ ಕಂಡಿತ್ತು. ಕೊಳವೆಯ ಮೇಲಿನ ಕ್ಲಿಪ್ಪಿನ ಹಿಡಿತ ಇನ್ನಷ್ಟು ಸಡಿಲಿಸಿ ಸುಮ್ಮನಾಗಿದ್ದೆವು.

ಹತ್ತನೇ ದಿನ ನಮ್ಮಲ್ಲೇ ಅವರ ಮಗಳಿಗೆ ಹೆರಿಗೆಯಾಯಿತು. ಮಗು ಅತ್ತಿತು, ತಾಯಿಯ ರಕ್ತ ಮಾತ್ರ ನಿಲ್ಲಲಿಲ್ಲ. ರಕ್ತದ ಚೀಲ ತೂಗುಹಾಕಿ ಹಿಡಿತ ಪೂರ್ತಿ ಬಿಟ್ಟೆ. ಬಂದದ್ದು ಹನಿ ಹನಿ. ಅಯ್ಯೋ ದೇವರೇ, ಹುಡುಗಿಯ ತುಟಿ ಬಿಳಚಿಕೊಳ್ಳುತ್ತಿದೆ, ಚೀಲ ಇದ್ದ ಹಾಗೇ ಇದೆ!

"ಸ್ಟ್ಯಾಂಡ್ ಮೇಲೆತ್ತಿ!" ಡಾಕ್ಟರಮ್ಮ ಕೂಗಿದರು.

"ಎತ್ತೋಕೆ ಪೈಪೇ ಇಲ್ಲ ಮೇಡಂ," ಎಂದೆ.

"ಯಾರ್ರೀ ಕತ್ತರಿಸಿದ್ದು? ಎತ್ತರ ಇದ್ರೆ ತಾನೇ ರಕ್ತ ತನ್ನ ಭಾರಕ್ಕೆ ಒಳಗೆ ನುಗ್ಗೋದು!"

ರಕ್ತ ನೀರಿಗಿಂತ ತುಸು ಭಾರ ನಿಜ, ಆದರೆ ಬಹಳ ಮಂದ. ಒಂದು ಮೊಳ ಎತ್ತರ ಹೋದರೆ ಅದನ್ನು ತಳ್ಳುವ ಒಂದು ಮೊಳದ ಭಾರವೂ ಹೋಯಿತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಬಾಗಿಲಲ್ಲಿ ನಿಂತಿದ್ದ ಬೆಸುಗೆಯಣ್ಣ ಒಳಗೆ ಬಂದು, ಸ್ಟೂಲು ಹತ್ತಿ, ಚೀಲವನ್ನು ಕೈಯೆತ್ತಿ ಹಿಡಿದರು. ಹನಿ ಧಾರೆಯಾಯಿತು.

"ನಾನು ಹಿಡೀತೀನಿ, ಕೊಡಿ ಅಣ್ಣಾ," ಎಂದೆ, ಎರಡನೇ ಚೀಲ ಬಂದಾಗ.

"ಬೇಡ ಸಿಸ್ಟರ್. ಕತ್ತರಿಸಿದ್ದು ನಾನು."

"ಕತ್ತರಿಸಿ ಅಂದಿದ್ದು ನಾನಲ್ವಾ!" ನನಗೆ ಅಳು ತಡೆಯಲಾಗಲಿಲ್ಲ.

ಮೂರು ಚೀಲ ಮುಗಿಯುವವರೆಗೂ ಆ ಕೈ ಇಳಿಯಲಿಲ್ಲ. ಕೊನೆಗೆ ಮಗಳು ಕಣ್ಣು ಬಿಟ್ಟಳು.

"ಅಪ್ಪಾ, ಸ್ಟೂಲ್ ಮೇಲೆ ಯಾಕೆ ನಿಂತಿದೀಯಾ?"

ಮರುದಿನ ಬೆಳಿಗ್ಗೆ ಅವರ ಶೆಡ್ಡಿಗೆ ಹೋದೆ. ಹನ್ನೊಂದು ಸ್ಟ್ಯಾಂಡುಗಳೂ ಹೊಸ ಬೆಸುಗೆಯ ಗುರುತು ಹೊತ್ತು ಮೊದಲಿನ ಎತ್ತರಕ್ಕೆ ನಿಂತಿದ್ದವು. ತೊಟ್ಟಿಲು ಇರಲಿಲ್ಲ.

"ಮಗು ಎಲ್ಲಿ ಮಲಗುತ್ತೆ ಅಣ್ಣಾ?"

"ಅಮ್ಮನ ಪಕ್ಕ," ಎಂದರು. "ಅಮ್ಮ ಇದಾಳಲ್ಲ, ಸಿಸ್ಟರ್."